ಉದುರಿಹೋದ ಒಂದು ‘ಅಂತೆ’

ಕನ್ನಡದಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ಕ್ರಿಯಾಪದವೇ ಬೇರೆಯಾಗುತ್ತದೆ. ಮಳೆ ಸುರಿದದ್ದನ್ನು ನಾವೇ ನೋಡಿದ್ದರೆ ‘ಮಳೆ ಬಂತು’. ಊರಿಂದ ಬಂದವರು ಹೇಳಿದ್ದಾದರೆ ‘ಮಳೆ ಬಂತಂತೆ’. ಆ ಪುಟ್ಟ ‘ಅಂತೆ’ ಮಾಡುವ ಕೆಲಸ ದೊಡ್ಡದು. ಇದು ನನ್ನ ಕಣ್ಣಿನ ಸಾಕ್ಷ್ಯವಲ್ಲ, ಬೇಕಿದ್ದರೆ ವಿಚಾರಿಸಿಕೊಳ್ಳಿ ಎಂದು ಹೇಳುವವರೇ ಮೊದಲು ತಿಳಿಸಿಬಿಡುತ್ತಾರೆ. ಜಗಲಿಯ ಮೇಲೆ ಕೂತು ಹರಟುವವರೂ ಪಾಲಿಸುತ್ತಿದ್ದ ಈ ಸಣ್ಣ ಪ್ರಾಮಾಣಿಕತೆ ಮೊಬೈಲಿನ ಪರದೆಗೆ ಬರುವಷ್ಟರಲ್ಲಿ ಕಳಚಿಕೊಂಡಿದೆ. ಅಲ್ಲಿ ಎಲ್ಲವೂ ‘ಬಂತು’, ‘ಆಯಿತು’, ‘ಹೇಳಿದ’. ಹೇಳಿದವರ ಹೆಸರಿಲ್ಲ, ಕೇಳಿದವರ ಗುರುತಿಲ್ಲ, ಕೊನೆಗೆ ‘ಎಲ್ಲರಿಗೂ ಕಳುಹಿಸಿ’ ಎಂಬ ಅಪ್ಪಣೆ ಮಾತ್ರ ದಪ್ಪಕ್ಷರದಲ್ಲಿ. ಈ ಪತ್ರವನ್ನು ಹನ್ನೊಂದು ಜನಕ್ಕೆ ಬರೆದು ಹಾಕದಿದ್ದರೆ ಮನೆಗೆ ಕೇಡು ಎಂದು ಹೆದರಿಸುತ್ತಿದ್ದ ಹಳೆಯ ಪೋಸ್ಟ್ ಕಾರ್ಡಿನ ಮೊಮ್ಮಕ್ಕಳು ಇವು. ದೇವರ ಜಾಗಕ್ಕೆ ದೇಶ ಬಂದಿದೆ, ಅಷ್ಟೇ ವ್ಯತ್ಯಾಸ.

ಇಂಥ ರಾಜಕೀಯ ಸಂದೇಶಗಳ ಸತ್ಯಾಸತ್ಯವನ್ನು ಪರೀಕ್ಷಿಸುವುದು ಹೇಗೆ ಎಂದು ತಿಳಿಯಲು ಇವತ್ತಿನ ಚುನಾವಣೆಯ ಸುಳ್ಳೊಂದನ್ನು ಎತ್ತಿಕೊಂಡರೆ ಓದುಗರು ಆಗಲೇ ಎರಡು ಬಣವಾಗಿ ಕೂತಿರುತ್ತಾರೆ. ಅದಕ್ಕಿಂತ ಇಮೇಲ್ ಕಾಲದಿಂದ ವಾಟ್ಸ್ಯಾಪ್ ಕಾಲದವರೆಗೆ ಒಂದು ಕೂದಲೂ ಕೊಂಕದೆ ಬದುಕಿ ಬಂದ ಹಳೆಯ ಸಂದೇಶವೊಂದನ್ನು ನೋಡೋಣ. 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಲಾರ್ಡ್ ಮೆಕಾಲೆ ಮಾಡಿದ ಭಾಷಣ ಎಂಬ ತಲೆಬರಹ. ನಾನು ಭಾರತದ ಉದ್ದಗಲ ಸುತ್ತಿದೆ, ಒಬ್ಬ ಭಿಕ್ಷುಕನನ್ನಾಗಲಿ ಕಳ್ಳನನ್ನಾಗಲಿ ಕಾಣಲಿಲ್ಲ. ಅಷ್ಟು ಸಂಪತ್ತು, ಅಷ್ಟು ಉನ್ನತ ನೀತಿ ಅಲ್ಲಿನ ಜನರದು. ಅವರ ಬೆನ್ನೆಲುಬಾದ ಆಧ್ಯಾತ್ಮಿಕ, ಸಾಂಸ್ಕೃತಿಕ ಪರಂಪರೆಯನ್ನು ಮುರಿಯದೆ ಆ ದೇಶವನ್ನು ನಾವೆಂದೂ ಗೆಲ್ಲಲಾರೆವು. ಆದ್ದರಿಂದ ಅವರ ಪ್ರಾಚೀನ ಶಿಕ್ಷಣ ಪದ್ಧತಿಯನ್ನೇ ಬದಲಿಸಿ, ಇಂಗ್ಲಿಷಿನದೆಲ್ಲ ತಮ್ಮದಕ್ಕಿಂತ ಶ್ರೇಷ್ಠ ಎಂದು ಅವರು ನಂಬುವಂತೆ ಮಾಡೋಣ ಎನ್ನುವುದು ಅದರ ಸಾರ. ಶಾಲಾ ವಾರ್ಷಿಕೋತ್ಸವದ ಭಾಷಣದಿಂದ ಹಿಡಿದು ದೊಡ್ಡ ದೊಡ್ಡ ವೇದಿಕೆಗಳವರೆಗೆ ಇದು ಓಡಾಡಿದೆ. ಹಳೆಯ ಕಾಗದದಂತೆ ಕಾಣುವ ಹಳದಿ ಹಿನ್ನೆಲೆಯ ಮೇಲೆ ಮೆಕಾಲೆಯ ಚಿತ್ರದೊಂದಿಗೆ ಬಂದಾಗಲಂತೂ ಅನುಮಾನಪಡುವವರೇ ಅಪರಾಧಿಗಳಂತೆ ಕಾಣುತ್ತಾರೆ.

ಈ ಮಾತು ಮೆಕಾಲೆಯ ಸ್ವಭಾವಕ್ಕೆ ಒಪ್ಪುತ್ತದೆಯೇ, ಬ್ರಿಟಿಷರು ಅಷ್ಟು ಕುತಂತ್ರಿಗಳೇ ಎಂದೆಲ್ಲ ತಲೆ ಕೆಡಿಸಿಕೊಳ್ಳಲು ಹೋದರೆ ಚರ್ಚೆ ಸಂಜೆಯಾದರೂ ಮುಗಿಯುವುದಿಲ್ಲ. ಪರೀಕ್ಷಿಸುವವರು ಅಲ್ಲಿಂದ ಶುರು ಮಾಡುವುದಿಲ್ಲ. ಅವರ ಮೊದಲ ಪ್ರಶ್ನೆ ಪೊಲೀಸ್ ಪೇದೆಯದು: ಆ ದಿನ ಆಸಾಮಿ ಎಲ್ಲಿದ್ದ? 1835ರ ಫೆಬ್ರವರಿ 2ರಂದು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಲಂಡನ್ನಿನಲ್ಲಿ ಇರಲಿಲ್ಲ, ಕಲ್ಕತ್ತೆಯಲ್ಲಿದ್ದ. ಗವರ್ನರ್ ಜನರಲ್ ಕೌನ್ಸಿಲಿನ ಕಾನೂನು ಸದಸ್ಯನಾಗಿ 1834ರ ಜೂನಿನಲ್ಲಿ ಮದ್ರಾಸಿಗೆ ಬಂದಿಳಿದವನು 1838ರವರೆಗೆ ಇಂಗ್ಲೆಂಡಿಗೆ ಹಿಂತಿರುಗಲಿಲ್ಲ. ಭಾರತಕ್ಕೆ ಹೊರಡುವಾಗಲೇ ಪಾರ್ಲಿಮೆಂಟಿನ ಸದಸ್ಯತ್ವ ಬಿಟ್ಟಿದ್ದ. ಭಾಷಣಕಾರ ಇಲ್ಲಿದ್ದ, ಸರಿ, ಸಭೆಯಾದರೂ ಇತ್ತೇ? ಅದೂ ಇರಲಿಲ್ಲ. ಹಿಂದಿನ ಪಾರ್ಲಿಮೆಂಟ್ ಡಿಸೆಂಬರ್ ಕೊನೆಯಲ್ಲಿ ವಿಸರ್ಜನೆಯಾಗಿ ಬ್ರಿಟನ್ನಿನಲ್ಲಿ ಚುನಾವಣೆ ನಡೆಯುತ್ತಿತ್ತು. ಹೊಸ ಪಾರ್ಲಿಮೆಂಟ್ ಸೇರಿದ್ದು ಫೆಬ್ರವರಿ 19ಕ್ಕೆ. ಅಷ್ಟೇಕೆ, ಶತಮಾನಗಳ ಹಳೆಯ ಪಾರ್ಲಿಮೆಂಟ್ ಭವನವೇ 1834ರ ಅಕ್ಟೋಬರ್ 16ರ ರಾತ್ರಿ ಬೆಂಕಿಗೆ ಆಹುತಿಯಾಗಿತ್ತು. ಮಾತಾಡಿದವನಿಲ್ಲ, ಕೇಳಬೇಕಾದ ಸಭೆಯಿಲ್ಲ, ಕಟ್ಟಡದ ಬಹುಪಾಲು ಬೂದಿ. ಇಷ್ಟನ್ನು ಕಂಡುಕೊಳ್ಳಲು ಇತಿಹಾಸದ ಪಂಡಿತರಾಗಬೇಕಿಲ್ಲ. ಪಾರ್ಲಿಮೆಂಟಿನ ನಡಾವಳಿಗಳ ಸಂಗ್ರಹವಾದ ಹ್ಯಾನ್ಸಾರ್ಡ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ವರ್ಷ, ತಿಂಗಳು, ತಾರೀಖು ಒತ್ತುತ್ತ ಹೋದರೆ ಆ ದಿನದ ಜಾಗ ಖಾಲಿ.

ಭಾರತದ ಉದ್ದಗಲ ಸುತ್ತಿದ ಮಾತನ್ನೂ ನೋಡಿಬಿಡೋಣ. ಮದ್ರಾಸಿನಲ್ಲಿ ಇಳಿದ ಮೆಕಾಲೆ ಗವರ್ನರ್ ಜನರಲ್ ಬೆಂಟಿಂಕನನ್ನು ಕಾಣಲು ಊಟಿಗೆ ಹೊರಟ. ಸುಮಾರು 400 ಮೈಲಿ ಬೋಯಿಗಳ ಹೆಗಲ ಮೇಲೆ, ಪಲ್ಲಕ್ಕಿಯಲ್ಲಿ. ದಾರಿಯಲ್ಲಿ ಸಿಕ್ಕಿದ್ದು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು. ಊಟಿಯಲ್ಲಿ ಮಳೆಗಾಲ ಕಳೆದು ಅದೇ ವರ್ಷ ಕಲ್ಕತ್ತೆ ಸೇರಿದ. 1835ರ ಫೆಬ್ರವರಿಗೆ ಅವನು ಕಂಡಿದ್ದ ಭಾರತ ಇಷ್ಟೇ. ಅದರಲ್ಲೂ ದೊಡ್ಡ ಭಾಗ ನಮ್ಮ ಹಳೆ ಮೈಸೂರು ಸೀಮೆಯ ರಸ್ತೆ. ಮತ್ತೆ, ಆ ದೇಶವನ್ನು ಗೆಲ್ಲಲಾರೆವು ಎಂಬ ಮಾತು! ಶ್ರೀರಂಗಪಟ್ಟಣ ಬಿದ್ದು ಆಗಲೇ 35 ವರ್ಷ ದಾಟಿತ್ತು. ಮರಾಠರ ಶಕ್ತಿ 1818ರಲ್ಲೇ ಮುರಿದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಇದೇ ಬೆಂಟಿಂಕ್ 1831ರಲ್ಲಿ ಕಿತ್ತುಕೊಂಡಿದ್ದ. ಪಂಜಾಬ್, ಸಿಂಧ್ ಬಿಟ್ಟರೆ ಗೆಲ್ಲುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಇನ್ನು ಕಳ್ಳರನ್ನೇ ಕಾಣದ ಆ ಮಹಾನುಭಾವ ಮುಂದೆ ಕಲ್ಕತ್ತೆಯಲ್ಲಿ ಕೂತು ಮಾಡಿದ ಕೆಲಸವೇನು? ಭಾರತೀಯ ದಂಡ ಸಂಹಿತೆಯ ಕರಡು ಬರೆದದ್ದು. ಕಳ್ಳತನಕ್ಕೆ ಎಷ್ಟು, ಡಕಾಯಿತಿಗೆ ಎಷ್ಟು ಎಂದು ಕಲಮು ಹಾಕಿದ್ದು. ಆ ಕರಡಿನಿಂದ ಹುಟ್ಟಿದ ಕಾಯ್ದೆಯನ್ನೇ 2024ರ ಜೂನ್ ಮುಗಿಯುವವರೆಗೆ ನಮ್ಮ ಠಾಣೆಗಳಲ್ಲಿ ಬಳಸುತ್ತಿದ್ದೆವು.

ಹಾಗಾದರೆ ಫೆಬ್ರವರಿ 2 ಎಂಬ ಅಷ್ಟು ನಿಖರವಾದ ತಾರೀಖು ಎಲ್ಲಿಂದ ಬಂತು? ಸುಳ್ಳಿನ ಜಾಣ್ಮೆ ಇರುವುದು ಇಲ್ಲೇ. ತಾರೀಖು ನಿಜ. ಆ ದಿನ ಮೆಕಾಲೆ ಕಲ್ಕತ್ತೆಯಲ್ಲಿ ಶಿಕ್ಷಣದ ಕುರಿತ ತನ್ನ ಪ್ರಸಿದ್ಧ ಟಿಪ್ಪಣಿಗೆ ಸಹಿ ಹಾಕಿದ. 1813ರ ಚಾರ್ಟರ್ ಕಾಯ್ದೆ ಭಾರತೀಯರ ವಿದ್ಯಾಭಿವೃದ್ಧಿಗೆಂದು ವರ್ಷಕ್ಕೆ ಕನಿಷ್ಠ ಒಂದು ಲಕ್ಷ ರೂಪಾಯಿ ಎತ್ತಿಡಲು ಹೇಳಿತ್ತು. ಆ ಹಣ ಸಂಸ್ಕೃತ, ಅರಬ್ಬಿ ಓದಿಗೆ ಹೋಗಬೇಕೋ ಇಂಗ್ಲಿಷಿಗೋ ಎಂಬುದು ಜಗಳ. ಮೆಕಾಲೆ ಇಂಗ್ಲಿಷಿನ ಪರ ವಾದಿಸಿದ, ಬೆಂಟಿಂಕ್ ಒಪ್ಪಿದ, ಮಾರ್ಚ್ 7ಕ್ಕೆ ಆದೇಶವಾಯಿತು. ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯ ಯೂರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟಿನ ಸಾಲಿಗೆ ಸಮವಲ್ಲ ಎಂಬ ದುರಹಂಕಾರ ಆ ಟಿಪ್ಪಣಿಯಲ್ಲಿದೆ. ರಕ್ತ, ಬಣ್ಣದಲ್ಲಿ ಭಾರತೀಯರಾಗಿ ಅಭಿರುಚಿ, ವಿಚಾರದಲ್ಲಿ ಇಂಗ್ಲಿಷರಾದ ಒಂದು ವರ್ಗವನ್ನು ತಯಾರಿಸಬೇಕು ಎಂಬ ಯೋಜನೆಯೂ ಇದೆ. ಆದರೆ ಭಾರತದ ಸಂಪತ್ತನ್ನು, ನೀತಿಯನ್ನು ಹೊಗಳುವ ಒಂದು ಸಾಲೂ ಅಲ್ಲಿಲ್ಲ. ಫಾರ್ವರ್ಡ್ ಮಾಡಿದ ಚಮತ್ಕಾರ ಇದು: ನಮ್ಮನ್ನು ತುಚ್ಛವಾಗಿ ಕಂಡವನ ಬಾಯಲ್ಲಿ ನಮ್ಮ ಪ್ರಶಂಸೆಯನ್ನು ತುರುಕಿದೆ. ಬ್ರಿಟನ್ನಿನ ಇತಿಹಾಸಕಾರ ಬರ್ಜೋರ್ ಅವಾರಿ ಪ್ರಾಚೀನ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ, ಸಾಕ್ಷ್ಯವನ್ನು ತಿದ್ದುವುದಕ್ಕೆ ಉದಾಹರಣೆಯಾಗಿ ಇದನ್ನೇ ಕೊಡುತ್ತಾರೆ. ಮೆಕಾಲೆಯ ಬರಹ, ಭಾಷಣಗಳ ಯಾವ ಸಂಪುಟದಲ್ಲೂ ಇದು ಸಿಗುವುದಿಲ್ಲ ಎನ್ನುವ ಅವರು ಇನ್ನೊಂದು ಕುತೂಹಲದ ಸಂಗತಿ ಹೇಳುತ್ತಾರೆ. ಇದನ್ನು ಅಚ್ಚು ಹಾಕಿದ ಪತ್ರಿಕೆಯೊಂದರಲ್ಲಿ ಬರೆದವರು, ಅವನ ಮಾತಿನ ಭಾವ ಹೀಗಿತ್ತು ಎಂಬ ಅರ್ಥದ ಒಂದು ಒಕ್ಕಣೆಯನ್ನು ಮೊದಲಿಗೆ ಸೇರಿಸಿದ್ದರು. ಅಂದರೆ ಕನ್ನಡದಲ್ಲಿ ಹೇಳುವುದಾದರೆ ‘ಹೀಗೆ ಹೇಳಿದನಂತೆ’. ಮುಂದೆ ಕೈಯಿಂದ ಕೈಗೆ ಹೋಗುವಾಗ ಆ ‘ಅಂತೆ’ ಎಲ್ಲೋ ಉದುರಿತು. ಯಾರದೋ ಸಾರಾಂಶದ ಸುತ್ತ ಉದ್ಧರಣ ಚಿಹ್ನೆ ಬಂತು. ಕಲ್ಕತ್ತೆಯ ಕಚೇರಿ ಲಂಡನ್ನಿನ ಪಾರ್ಲಿಮೆಂಟಾಯಿತು.

ಇಷ್ಟು ಹಸಿ ಸುಳ್ಳು ಇಷ್ಟು ವರ್ಷ ಬಾಳಿದ್ದು ಹೇಗೆ ಎಂಬ ಪ್ರಶ್ನೆಗೆ ಜನ ದಡ್ಡರು ಎಂಬ ಉತ್ತರ ಕೊಡುವವರು ಜನರನ್ನು ಅರಿತವರಲ್ಲ. ಇದನ್ನು ಹಂಚಿದವರಲ್ಲಿ ಪ್ರೊಫೆಸರುಗಳಿದ್ದಾರೆ, ಎಂಜಿನಿಯರುಗಳಿದ್ದಾರೆ. ಮಾರುಕಟ್ಟೆಯಲ್ಲಿ ಒಂದು ಕಿಲೋ ಹುಣಸೆಹಣ್ಣಿಗೂ ನಾಲ್ಕು ಅಂಗಡಿ ವಿಚಾರಿಸುವ ಜನ. ಆದರೆ ಶತ್ರುವೇ ನಮ್ಮ ಹಿರಿಮೆಗೆ ಸಾಕ್ಷಿ ನುಡಿದಾಗ ಆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಲು ಯಾರಿಗೂ ಮನಸ್ಸಾಗುವುದಿಲ್ಲ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಅತ್ಯುತ್ತಮ ಎಂದು ಘೋಷಿಸಿದೆ ಎಂಬ ಸಂದೇಶವೂ ಇದೇ ಜಾತಿಯದು. ಯುನೆಸ್ಕೋ ಅಂಥ ಸ್ಪರ್ಧೆಯನ್ನೇ ಇಟ್ಟಿಲ್ಲ. ದ್ವೇಷದ ಸುಳ್ಳಿಗೂ ಇದೇ ಸೂತ್ರ, ತಲೆಕೆಳಗಾಗಿ. 2008ರ ಚುನಾವಣೆಯ ಹೊತ್ತಿಗೆ ಬರಾಕ್ ಒಬಾಮಾ ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲ ಎಂಬ ಇಮೇಲುಗಳು ಆ ದೇಶದಲ್ಲಿ ಸರಪಳಿಯಂತೆ ಹಬ್ಬಿದವು. 1994ರಲ್ಲಿ ಶುರುವಾದ ಸ್ನೋಪ್ಸ್, 2007ರಲ್ಲಿ ಬಂದ ಪಾಲಿಟಿಫ್ಯಾಕ್ಟ್ ಎಂಬ ಫ್ಯಾಕ್ಟ್ ಚೆಕ್ ಜಾಲತಾಣಗಳು ಅದನ್ನು ಎಷ್ಟು ಬಾರಿ ತಳ್ಳಿಹಾಕಿದರೂ ಸಾಲದೆ, ಕೊನೆಗೆ 2011ರ ಏಪ್ರಿಲಿನಲ್ಲಿ ಅಧ್ಯಕ್ಷರು ಹವಾಯಿಯ ಜನನ ಪತ್ರದ ಪೂರ್ಣ ನಕಲನ್ನೇ ಬಿಡುಗಡೆ ಮಾಡಬೇಕಾಯಿತು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಎಂಐಟಿ ಸಂಶೋಧಕರ ಅಧ್ಯಯನ, 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿದ 1,26,000 ಸುದ್ದಿಗಳನ್ನು ಪರಿಶೀಲಿಸಿತು. ನಿಜಕ್ಕಿಂತ ಸುಳ್ಳನ್ನು ಜನ ಮತ್ತೆ ಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚು ಎಂದು ಕಂಡಿತು. ಅದಕ್ಕೆ ಕಾರಣ ಯಂತ್ರಗಳಲ್ಲ, ಮನುಷ್ಯರೇ. ಟ್ವಿಟರಿನ ಲೆಕ್ಕವನ್ನು ಹಾಗೆಯೇ ನಮ್ಮ ಕುಟುಂಬದ ಗ್ರೂಪುಗಳಿಗೆ ಅನ್ವಯಿಸಲಾಗದು. ಆದರೂ ಹಂಚುವ ಬೆರಳು ಎರಡೂ ಕಡೆ ಒಂದೇ. ಹಾಗಾಗಿ ನನ್ನ ವಾದವಿಷ್ಟು: ನಾವು ಒಪ್ಪದ ಸಂದೇಶವನ್ನು ಪರೀಕ್ಷಿಸಲು ಯಾರ ಉಪದೇಶವೂ ಬೇಡ, ಅದನ್ನು ಹೇಗೂ ಮಾಡುತ್ತೇವೆ. ಓದುತ್ತಿದ್ದಂತೆ ‘ಹೌದಲ್ಲ, ನಾನೂ ಇದನ್ನೇ ಹೇಳುತ್ತಿದ್ದೆ’ ಎನ್ನಿಸುವ ಸಂದೇಶವನ್ನು ಮೊದಲು ಕಟಕಟೆಗೆ ಹತ್ತಿಸಬೇಕು, ಅದೂ ಅಭಿಪ್ರಾಯದ ತಕ್ಕಡಿಯಲ್ಲಲ್ಲ, ಯಾರು, ಎಲ್ಲಿ, ಯಾವಾಗ ಎಂಬ ಸಣ್ಣ ಪ್ರಶ್ನೆಗಳಿಂದ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಮೆಕಾಲೆ ಈ ಮಾತನ್ನೇ ಆಡದಿರಬಹುದು, ಆದರೆ ಇದರ ಸಾರ ಸುಳ್ಳೇ? ನಮ್ಮ ಶಿಕ್ಷಣವನ್ನು ಬ್ರಿಟಿಷರು ಹಾಳು ಮಾಡಿದ್ದು ನಿಜ ತಾನೆ, ಅಕ್ಷರಕ್ಕೆ ಯಾಕೆ ಜೋತುಬೀಳುತ್ತೀರಿ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ತೋರಿಸುವುದು ಬಳ್ಳಾರಿಯನ್ನು. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಆಗ ಮದ್ರಾಸಿಗೆ ಸೇರಿದ್ದ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿ ಉಳಿದಿದೆ; ಗಾಂಧಿವಾದಿ ಇತಿಹಾಸಕಾರ ಧರ್ಮಪಾಲರು 1983ರ ತಮ್ಮ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿ ಎಲ್ಲರ ಕೈಗೆ ಸಿಗುವಂತೆ ಮಾಡಿದರು. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಕ್ಯಾಂಪ್ಬೆಲ್ ಶಾಲೆಯೊಳಗೂ ಕರೆದೊಯ್ಯುತ್ತಾನೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತದೆ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಾರೆ. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳಿಕೊಡುತ್ತಾರೆ. ಬಳಿಕ ಅವನು ನೇರವಾಗಿ ಬರೆಯುತ್ತಾನೆ: ಶಾಲೆಗಳು ಕ್ಷೀಣಿಸುತ್ತಿವೆ, ಜನ ಬಡವಾಗಿ ಮಕ್ಕಳ ಓದಿಗೆ ಕೊಡಲಾರದೆ ಹೋಗಿದ್ದಾರೆ, ನೇಯುವವರ ಸಂಪಾದನೆಯನ್ನು ಇಂಗ್ಲೆಂಡಿನ ಬಟ್ಟೆ ಕಸಿದಿದೆ, ಸರ್ಕಾರದ ನೆರವು ಪಡೆಯುವ ಒಂದು ಶಾಲೆಯೂ ಇಲ್ಲ. ಬ್ರಿಟಿಷ್ ಅಧಿಕಾರಿಯೊಬ್ಬ ಬ್ರಿಟಿಷ್ ಸರ್ಕಾರಕ್ಕೆ ಸಹಿ ಹಾಕಿ ಕೊಟ್ಟ ತಪ್ಪೊಪ್ಪಿಗೆ ಇದು. ಇಂಥ ದಾಖಲೆ ಕೈಯಲ್ಲಿರುವಾಗ ನಕಲಿ ಭಾಷಣದ ಮೊರೆ ಹೋಗುವುದು ಮನೆಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ.

ಆದರೆ ಅದೇ ವರದಿ ನಮಗೆ ಬೇಡವಾದ ಮಾತನ್ನೂ ಹೇಳುತ್ತದೆ, ಮತ್ತು ಅಸಲಿ ದಾಖಲೆಯ ಗುಣವೇ ಅದು. 533 ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳು ಒಟ್ಟು 6,641, ಅಂದರೆ ಶಾಲೆಗೆ ಹನ್ನೆರಡರ ಆಸುಪಾಸು. ಹುಡುಗಿಯರು 60. ಗ್ರಾಂಥಿಕ ಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆ ಎಂಬ ದೂರೂ ಇದೆ. ಫಾರ್ವರ್ಡಿನ ಮೆಕಾಲೆಗೆ ಇಂಥ ತೊಡಕುಗಳೇ ಇಲ್ಲ. ಅವನ ಭಾರತದಲ್ಲಿ ಎಲ್ಲರೂ ಶ್ರೀಮಂತರು, ಎಲ್ಲರೂ ಸಜ್ಜನರು. ಅದನ್ನು ನಂಬಿದವರಿಗೆ ಇಂಗ್ಲಿಷ್ ಶಿಕ್ಷಣವನ್ನು ಭಾರತೀಯರಲ್ಲೇ ಹಲವರು ಬಯಸಿದ್ದರು, ಸಂಸ್ಕೃತ ಕಾಲೇಜು ಬೇಡ, ಗಣಿತ, ವಿಜ್ಞಾನ ಕಲಿಸಿ ಎಂದು ರಾಮಮೋಹನ ರಾಯರು 1823ರಲ್ಲೇ ಗವರ್ನರ್ ಜನರಲ್‌ಗೆ ಪತ್ರ ಬರೆದಿದ್ದರು ಎಂಬುದೆಲ್ಲ ಅರ್ಥವೇ ಆಗದು. ಸಾರ ನಿಜ, ವಿವರ ಮಾತ್ರ ಸುಳ್ಳು ಎನ್ನುವವರು ಮರೆಯುವುದು ಇದನ್ನೇ: ವಿವರ ಬದಲಾದಾಗ ಸಾರವೂ ಸದ್ದಿಲ್ಲದೆ ಬದಲಾಗಿರುತ್ತದೆ.

ಇನ್ನೊಂದು ಆಕ್ಷೇಪ ಹಗುರ ದನಿಯದು. ಇರಲಿ ಬಿಡಿ, ದೇಶದ ಬಗ್ಗೆ ನಾಲ್ಕು ಒಳ್ಳೆಯ ಮಾತು, ಯಾರಿಗೇನು ನಷ್ಟ ಎಂಬುದು. ನಷ್ಟ ಆ ಒಂದು ಸಂದೇಶದಿಂದ ಆಗುವುದಲ್ಲ, ಅದು ಕಲಿಸುವ ಚಾಳಿಯಿಂದ. ಎಲ್ಲಿಂದ ಬಂತು ಎಂದು ಕೇಳದೆ ದಾಟಿಸುವ ಬೆರಳು ಒಳ್ಳೆಯ ಸುಳ್ಳು, ಕೆಟ್ಟ ಸುಳ್ಳು ಎಂದು ಬೇರೆ ಮಾಡುವುದಿಲ್ಲ. 2012ರ ಆಗಸ್ಟಿನಲ್ಲಿ ಬೆಂಗಳೂರಿನ ರೈಲು ನಿಲ್ದಾಣ ಕಂಡ ದೃಶ್ಯ ಇನ್ನೂ ಬಹಳ ಜನರ ನೆನಪಿನಲ್ಲಿದೆ. ಈಶಾನ್ಯ ರಾಜ್ಯಗಳವರ ಮೇಲೆ ರಂಜಾನಿನ ನಂತರ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ಸುಗಳನ್ನು ನಂಬಿ ಸಾವಿರಾರು ಜನ ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು, ಸಗಟು ಎಸ್ಸೆಮ್ಮೆಸ್ಸಿಗೆ ಕೇಂದ್ರ ಸರ್ಕಾರ 15 ದಿನ ಕಡಿವಾಣ ಹಾಕಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಜನ ಗುಂಪುಗೂಡಿ ಅಮಾಯಕರನ್ನು ಕೊಂದರು. ಆ ದಿನಗಳಲ್ಲಿ ಹರಿದಾಡುತ್ತಿದ್ದ ವಿಡಿಯೊ ಒಂದರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದೇ ತೆಗೆದ ಕಿರುಚಿತ್ರ. ಮೂಲದಲ್ಲಿ ಅದೇ ಬೈಕು ವಾಪಸು ಬರುತ್ತದೆ, ಮಗುವನ್ನು ಇಳಿಸುತ್ತದೆ, ಸವಾರ ಎಚ್ಚರಿಕೆಯ ಫಲಕ ಎತ್ತಿ ಹಿಡಿಯುತ್ತಾನೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿದ್ದರು. ಮೆಕಾಲೆಯ ‘ಅಂತೆ’ಯನ್ನು ಉದುರಿಸಿದ ಕತ್ತರಿಗೂ ಇದಕ್ಕೂ ಜಾತಿ ಒಂದೇ, ಹರಿತ ಮಾತ್ರ ಬೇರೆ. ಆ ಕೊಲೆಗಳ ನಂತರವೇ ವಾಟ್ಸ್ಯಾಪ್ ಭಾರತದಲ್ಲಿ ಫಾರ್ವರ್ಡನ್ನು ಒಮ್ಮೆಗೆ ಐದಕ್ಕೆ ಮಿತಗೊಳಿಸಿದ್ದು.

ಇಷ್ಟೆಲ್ಲ ಹುಡುಕುತ್ತ ಕೂರಲು ಪುರುಸೊತ್ತು ಯಾರಿಗಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ದಿನಕ್ಕೆ ನೂರು ಸಂದೇಶ ಬರುವ ಮೊಬೈಲು ಹಿಡಿದವರಿಗೆ ಸಂಶೋಧನೆ ಮಾಡಿ ಎಂದರೆ ನಗುತ್ತಾರೆ. ಆದರೆ ಪರೀಕ್ಷೆ ಎಂದರೆ ಹೆಚ್ಚು ಓದುವುದಲ್ಲ, ಕಡಿಮೆ ಓದುವುದು ಎಂದು ತೋರಿಸಿದ್ದಾರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ. 2017ರ ಅವರ ಅಧ್ಯಯನದಲ್ಲಿ 10 ಇತಿಹಾಸ ವಿದ್ವಾಂಸರು, 10 ವೃತ್ತಿಪರ ಫ್ಯಾಕ್ಟ್ ಚೆಕ್ಕರುಗಳು, 25 ವಿದ್ಯಾರ್ಥಿಗಳಿದ್ದರು. ಮಕ್ಕಳ ವೈದ್ಯರ ಎರಡು ಸಂಸ್ಥೆಗಳ ಜಾಲತಾಣಗಳನ್ನು ಅವರ ಮುಂದಿಟ್ಟರು: ಒಂದು ದೊಡ್ಡ ಹಳೆಯ ಸಂಘ, ಇನ್ನೊಂದು ಅದರಿಂದ ಸಿಡಿದು ಹೋದ ಚಿಕ್ಕ ಗುಂಪು. ವಿದ್ವಾಂಸರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿದರು. ಅಂದವಾದ ಲಾಂಛನ, ಅಡಿಟಿಪ್ಪಣಿ ನೋಡಿ ಬಹಳ ಜನ ಮೋಸಹೋದರು. ಫ್ಯಾಕ್ಟ್ ಚೆಕ್ಕರುಗಳು ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆದು ಈ ಸಂಸ್ಥೆ ಯಾವುದು, ಬೇರೆಯವರು ಇದರ ಬಗ್ಗೆ ಏನನ್ನುತ್ತಾರೆ ಎಂದು ಹುಡುಕಿದರು. ಬೇಗ ಮುಗಿಸಿದರು, ಸರಿಯಾಗಿಯೂ ಹೇಳಿದರು. ಇದೇನು ಹೊಸ ವಿದ್ಯೆಯಲ್ಲ. ಸಂಬಂಧ ಬೆಳೆಸುವಾಗ ನಮ್ಮ ಹಿರಿಯರು ಹುಡುಗನ ಮನೆಯ ಮಾತನ್ನಷ್ಟೇ ಕೇಳದೆ ಆ ಬೀದಿಯ ನಾಲ್ಕು ಮನೆಯಲ್ಲಿ ವಿಚಾರಿಸುವುದಿಲ್ಲವೇ, ಹಾಗೆ. ಚಿತ್ರವಾದರೆ ಅದನ್ನು ಗೂಗಲ್ ಲೆನ್ಸಿಗೆ ಹಾಕಿ ಮೊದಲು ಎಲ್ಲಿ ಕಾಣಿಸಿಕೊಂಡಿತು ಎಂದು ನೋಡಬಹುದು. ಉದ್ಧರಣೆಯಾದರೆ ಮಾತಿನ ತಾರೀಖು, ಸ್ಥಳ ಹಿಡಿದು ಹೋಗಬಹುದು. ದನಿಯನ್ನೂ ಮುಖವನ್ನೂ ಕೃತಕವಾಗಿ ತಯಾರಿಸುವ ಈ ಕಾಲದಲ್ಲಿ ತುಟಿ ಸರಿಯಾಗಿ ಆಡುತ್ತಿದೆಯೇ ಎಂದು ದಿಟ್ಟಿಸಿ ಪ್ರಯೋಜನವಿಲ್ಲ. ಆ ವ್ಯಕ್ತಿ ಆ ದಿನ ಆ ಊರಿನಲ್ಲಿದ್ದರೇ ಎಂಬ ಪೇದೆಯ ಪ್ರಶ್ನೆಗೆ ಮಾತ್ರ ಇನ್ನೂ ಬೆಲೆಯಿದೆ. ಅಷ್ಟಕ್ಕೂ ಪುರುಸೊತ್ತಿಲ್ಲದವರಿಗೆ ಅತಿ ಸುಲಭದ ದಾರಿಯೊಂದಿದೆ, ಮುಂದಕ್ಕೆ ಕಳಿಸದೆ ಸುಮ್ಮನಿರುವುದು. ಅದಕ್ಕೆ ಒಂದು ಕ್ಷಣವೂ ಬೇಡ.

ಈ ಫ್ಯಾಕ್ಟ್ ಚೆಕ್ಕರುಗಳೇನು ಹರಿಶ್ಚಂದ್ರನ ಮೊಮ್ಮಕ್ಕಳೇ, ಅವರಿಗೂ ಪಕ್ಷವಿದೆ ಎನ್ನುತ್ತಾರೆ ಹಲವರು. ಇದ್ದೀತು. ಯಾವ ಸುಳ್ಳನ್ನು ಪರೀಕ್ಷೆಗೆ ಆರಿಸಿಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದರಲ್ಲಿ ಒಲವು ನುಸುಳಬಹುದು, ತಪ್ಪನ್ನೂ ಮಾಡುತ್ತಾರೆ. ಆದರೆ ಒಳ್ಳೆಯ ಪರೀಕ್ಷೆ ನನ್ನನ್ನು ನಂಬು ಎನ್ನುವುದಿಲ್ಲ, ಇಗೋ ದಾರಿ, ನೀನೇ ಹೋಗಿ ನೋಡು ಎನ್ನುತ್ತದೆ. ಮೆಕಾಲೆ ಟಿಪ್ಪಣಿಯ ಪೂರ್ಣ ಪಾಠ, ಹ್ಯಾನ್ಸಾರ್ಡಿನ ಪುಟ, ಬಳ್ಳಾರಿಯ ವರದಿ ಯಾವ ಪಕ್ಷದ ಕಚೇರಿಯಲ್ಲೂ ಬೀಗ ಹಾಕಿಟ್ಟಿಲ್ಲ. ದಾರಿ ತೋರಿಸದೆ ‘ಫೇಕ್’ ಎಂದು ಕೆಂಪು ಮೊಹರು ಒತ್ತುವ ಪರೀಕ್ಷಕನೂ ನನ್ನ ಲೆಕ್ಕದಲ್ಲಿ ಇನ್ನೊಂದು ಫಾರ್ವರ್ಡೇ. ಸರ್ಕಾರವೇ ಈ ಮೊಹರು ಹಿಡಿದರೆ ಹೇಗೆ ಎಂಬ ಯೋಚನೆ 2023ರ ಐಟಿ ನಿಯಮಗಳ ತಿದ್ದುಪಡಿಯಾಗಿ ಬಂತು: ಕೇಂದ್ರದ ವ್ಯವಹಾರಗಳ ಬಗ್ಗೆ ಯಾವುದು ಸುಳ್ಳು ಎಂದು ಕೇಂದ್ರದ್ದೇ ಘಟಕ ಹೇಳುವ ವ್ಯವಸ್ಥೆ. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಗಿ, ಮೂರನೆಯವರ ನಿರ್ಣಯದೊಂದಿಗೆ 2024ರ ಸೆಪ್ಟೆಂಬರಿನಲ್ಲಿ ಅದು ಬಿದ್ದುಹೋಯಿತು. ಒಳ್ಳೆಯದೇ ಆಯಿತು. ಆರೋಪಿಯೇ ನ್ಯಾಯಪೀಠದಲ್ಲಿ ಕೂತರೆ ತೀರ್ಪು ಸರಿಯಿದ್ದರೂ ಯಾರೂ ನಂಬುವುದಿಲ್ಲ.

ಕೊನೆಯದು, ನನಗೆ ಎಲ್ಲಕ್ಕಿಂತ ಕಷ್ಟವೆನಿಸುವ ಆಕ್ಷೇಪ: ತಿದ್ದಿ ಏನು ಪ್ರಯೋಜನ, ನಂಬುವವರು ನಂಬಿಯೇ ನಂಬುತ್ತಾರೆ. ಸತ್ಯ ಹೇಳಿದಷ್ಟೂ ಜನ ತಮ್ಮ ಸುಳ್ಳನ್ನೇ ಬಿಗಿಯಾಗಿ ಹಿಡಿಯುತ್ತಾರೆ ಎಂದು 2010ರ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. ಆ ಮಾತೇ ಒಂದು ಜನಪ್ರಿಯ ಫಾರ್ವರ್ಡಿನಂತೆ ಜಗತ್ತೆಲ್ಲ ಸುತ್ತಿತು. ಮುಂದೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 10,000ಕ್ಕೂ ಹೆಚ್ಚು ಜನರ ಮೇಲೆ 52 ವಿಷಯಗಳನ್ನಿಟ್ಟು ಪರೀಕ್ಷಿಸಿದಾಗ ಅಂಥ ತಿರುಗುಬಾಣ ಕಾಣಿಸಲಿಲ್ಲ. ಸರಿಯಾದ ಮಾಹಿತಿ ಕೊಟ್ಟರೆ ಸಾಮಾನ್ಯವಾಗಿ ಜನ ಅದರ ಕಡೆಗೆ ಸ್ವಲ್ಪವಾದರೂ ವಾಲುತ್ತಾರೆ. ಆದರೆ ಮಾಹಿತಿ ತಿದ್ದಿಕೊಂಡ ಮಾತ್ರಕ್ಕೆ ಮತ ಬದಲಿಸುತ್ತಾರೆ ಎಂದಲ್ಲ. ತಮ್ಮ ನಾಯಕ ತಪ್ಪು ಲೆಕ್ಕ ಹೇಳಿದ ಎಂದು ಒಪ್ಪಿಕೊಂಡೇ ಅವನಿಗೆ ಓಟು ಹಾಕುತ್ತಾರೆ. ಹಾಕಲಿ, ಅದು ಅವರ ಹಕ್ಕು. ನನಗೆ ಬೇಕಾದ್ದು ಅಷ್ಟರಮಟ್ಟಿನ ಒಪ್ಪಿಗೆಯೇ. ಅದು ಸಿಗುವುದು ತಿದ್ದುವ ರೀತಿಯ ಮೇಲೂ ನಿಂತಿದೆ. ಕುಟುಂಬದ ಗ್ರೂಪಿನಲ್ಲಿ ಎಪ್ಪತ್ತು ದಾಟಿದ ದೊಡ್ಡಪ್ಪನಿಗೆ ಎಲ್ಲರೆದುರು ‘ಇದು ಸುಳ್ಳು’ ಎಂದು ಕೊಂಡಿ ಎಸೆದರೆ ಅವರು ಕಾಪಾಡಿಕೊಳ್ಳುವುದು ಮೆಕಾಲೆಯನ್ನಲ್ಲ, ತಮ್ಮ ಮರ್ಯಾದೆಯನ್ನು. ‘ದೊಡ್ಡಪ್ಪಾ, ಇದು ಎಲ್ಲಿಂದ ಬಂತು? ಆ ದಿನ ಮೆಕಾಲೆ ಕಲ್ಕತ್ತೆಯಲ್ಲಿದ್ದನಂತಲ್ಲ’ ಎಂದು ಬೇರೆಯಾಗಿ ಕೇಳಿದರೆ ಮಾತು ಮುಂದುವರಿಯಲು ಜಾಗವಿರುತ್ತದೆ. ಆ ‘ಅಂತೆ’ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ಹಾಗೆ ಕೇಳುವವರು ಬಳ್ಳಾರಿಯ ವರದಿಯನ್ನೂ ಜೊತೆಗೆ ಹೇಳಬಹುದು. ಆಗ ಒಂದು ಅಪಾಯವಿದೆ. 533 ಶಾಲೆ, 235 ಕನ್ನಡದವು ಎಂಬ ಅಂಕಿಗಳು ಹೆಮ್ಮೆ ತರುವಂಥವು. ದೊಡ್ಡಪ್ಪನಿಗೆ ಖಂಡಿತ ಹಿಡಿಸುತ್ತವೆ. ಮರುದಿನವೇ ಹಳದಿ ಕಾಗದದ ಹಿನ್ನೆಲೆಯಲ್ಲಿ ಹತ್ತು ಗ್ರೂಪುಗಳಿಗೆ ಹೊರಟುಬಿಡಬಹುದು. ಆ ಚಿತ್ರದಲ್ಲಿ ಅರವತ್ತು ಹುಡುಗಿಯರ ಸಾಲು ಉಳಿದಿರುತ್ತದೋ ಇಲ್ಲವೋ, ತೆರೆದು ನೋಡಬೇಕು.